ಓರಾ ವಿಥರ್ಸ್‌ಳ ನಿಜವಾದ ದನಿ ಯಾವುದು?

ಜನವರಿಯ ಬೆಳಗು, ಏಳೂಕಾಲು. ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ದಕ್ಷಿಣ ದೆಹಲಿಯ ಸಂಶೋಧನಾ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ ಮನೋರಮಾ ಟೇಪಿನ ಸುರುಳಿಯನ್ನು ಯಂತ್ರಕ್ಕೇರಿಸಿ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಮೇಲಿನ ಕಚೇರಿಗಳ ಓಡಾಟ ಶುರುವಾಗುವ ಮುನ್ನ ಸಿಗುವ ನಿಶ್ಶಬ್ದಕ್ಕಾಗಿಯೇ ಅವರು ಘಾಜಿಯಾಬಾದಿನಿಂದ ಮೊದಲ ಮೆಟ್ರೊ ಹಿಡಿಯುತ್ತಾರೆ.

ಟೇಪಿನಲ್ಲಿ ಹಾಡುತ್ತಿರುವವಳು ಓರಾ ವಿಥರ್ಸ್. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಜನಪದ ಗಾಯಕಿ, ಈಗಿಲ್ಲ. ಅರವತ್ತರ ದಶಕದಲ್ಲಿ ಅವಳ ಅಡುಗೆಮನೆಯಲ್ಲಿ ಕೂತು ಹಾಡುಗಳನ್ನು ಮುದ್ರಿಸಿಕೊಂಡ ಅಧ್ಯಾಪಕಿಯೊಬ್ಬರು ಮುಂದೆ ದೆಹಲಿಗೆ ಪಾಠ ಹೇಳಲು ಬಂದು ಇಲ್ಲೇ ಉಳಿದರು. ಅವರು ತೀರಿಕೊಂಡ ಮೇಲೆ ಅರವತ್ತು ಟೇಪುಗಳು ಸಂಸ್ಥೆಗೆ ಬಂದವು. ಅವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಗುತ್ತಿಗೆಯ ಮೇಲಿರುವ ಮನೋರಮಾ ಅವರದು. ಊರು ಗದಗ. ಪತಿಯ ಕೇಂದ್ರ ಸರ್ಕಾರಿ ನೌಕರಿಯಿಂದಾಗಿ ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿದ್ದಾಗ, ಅಕ್ಕಪಕ್ಕದವರ ಟೇಪ್ ರೆಕಾರ್ಡರ್ ಬಿಚ್ಚಿ ಜೋಡಿಸುತ್ತ ಕಲಿತ ವಿದ್ಯೆ ಇದು. ಒರೆಸಿ, ಒಣಗಿಸಿ, ಹರಿದಲ್ಲಿ ಅಂಟಿಸಿ, ವಾರಕ್ಕೆ ಒಂದು ಟೇಪು.

"ಮಾತು ಒಂದೂ ತಿಳಿಯಲ್ಲ. ಆದ್ರೆ ಆ ಗಂಭೀರ ದನಿ ಕೇಳ್ತಾ ಕೇಳ್ತಾ ನಮ್ಮನೆ ಹಿರಿಯಕ್ಕನೇ ಅನಿಸಿಬಿಟ್ಟಿತ್ತು" ಎನ್ನುತ್ತಾರೆ.

ನಲವತ್ತು ಟೇಪು ಮುಗಿಸಿ, ಪ್ರತಿಗಳನ್ನು ಅಮೆರಿಕದಲ್ಲಿರುವ ಓರಾಳ ಮನೆಯವರಿಗೆ ಕಳಿಸಿದ ಮೇಲೆ, ಕಳೆದ ಬೇಸಿಗೆಯಲ್ಲಿ ಓರಾಳ ಮೊಮ್ಮಗಳ ಪತ್ರ ಬಂತು: 'ಇದು ನಮ್ಮ ಅಜ್ಜಿಯ ದನಿಯಲ್ಲ.'

ಮನೋರಮಾ ಕಂಗಾಲಾದರು. ಪೆಟ್ಟಿಗೆಗಳ ಮೇಲೆ ಓರಾಳ ಹೆಸರೇ ಇದೆ. ಯಂತ್ರ ಬಿಚ್ಚಿ ನೋಡಿದರು, ಬೆಲ್ಟ್ ಬದಲಿಸಿದರು. ಹಳೆಯ ಟೇಪುಗಳ ವೇಗ ನಂಬುವಂಥದ್ದಲ್ಲ. ಹಾಡಿನ ಜೊತೆಗೇ ಮುದ್ರಣವಾಗಿ ಹಿಂದೆ ಸಣ್ಣಗೆ ಕೇಳುವ ಕರೆಂಟಿನ ಗುಂಯ್ ಸದ್ದು ಸೆಕೆಂಡಿಗೆ ಐವತ್ತು ಕಂಪನದ ಲೆಕ್ಕಕ್ಕೆ ಬರುವಂತೆ ವೇಗ ಹೊಂದಿಸುವುದು ಅವರ ರೂಢಿ. ಅದೂ ಸರಿಯಾಗಿಯೇ ಇತ್ತು.

"ಮೂರು ವಾರ ತಲೆ ಕೆಟ್ಟುಹೋಯ್ತು. ಹಾಗಾದ್ರೆ ಇಷ್ಟು ದಿನ ನನ್ನ ಕಿವೀಲಿ ಹಾಡಿದ್ದು ಯಾರು?"

ಒಂದು ಮಧ್ಯಾಹ್ನ ಮೊಬೈಲ್ ಚಾರ್ಜರಿನ ಬೆನ್ನ ಮೇಲಿನ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು: ಐವತ್ತು, ಅರವತ್ತು ಹರ್ಟ್ಸ್. ಐವತ್ತು ನಮ್ಮ ಕರೆಂಟು. ಅಮೆರಿಕದ್ದು ಅರವತ್ತು ಎಂದು ಅವರಿಗೆ ತಿಳಿದದ್ದು ಅವತ್ತೇ; ಅದುವರೆಗೆ ಅವರ ಕೈಗೆ ಬಂದಿದ್ದವೆಲ್ಲ ಇಲ್ಲಿಯ ಟೇಪುಗಳು. ಗುಂಯ್ ಸದ್ದು ಅರವತ್ತಕ್ಕೆ ಬರುವಂತೆ ವೇಗ ಏರಿಸಿದಾಗ ಹಿರಿಯಕ್ಕ ಮಾಯವಾಗಿ, ಚೂಪು ದನಿಯ, ಅವಸರದ ಎಳೆ ಹೆಂಗಸೊಬ್ಬಳು ಹಾಡತೊಡಗಿದಳು. ಅದನ್ನು ಕಳಿಸಿದಾಗ ಮೊಮ್ಮಗಳು ಬರೆದದ್ದು ಒಂದೇ ಸಾಲು: 'ಹೌದು, ಇವಳೇ.'

"ಅಚ್ಛಾ, ಹೊಸದು ಹಾಕಿ ಹಳೇದನ್ನ ಅಳಿಸಿಬಿಡಿ ಮೇಡಂ. ಮಾರ್ಚ್‌ನಲ್ಲಿ ನಿಮ್ಮ ಗುತ್ತಿಗೆ ಮುಗಿಯುತ್ತೆ, ಮೇಲಿನವರಿಗೆ ಯಾಕೆ ಗೊತ್ತಾಗಬೇಕು?" ಎಂದರು ವಿಭಾಗದ ಮುಖ್ಯಸ್ಥ ಹೃಷಿಕೇಶ್.

ಮನೋರಮಾ ಒಪ್ಪಲಿಲ್ಲ. ಒರೆಸಿ ಅಂಟಿಸುವ ಕೆಲಸ ಆಗಲೇ ಮುಗಿದಿದ್ದರಿಂದ ದಿನಕ್ಕೊಂದರಂತೆ ನಲವತ್ತನ್ನೂ ಮತ್ತೆ ಇಳಿಸಿ, ಪ್ರತಿಯೊಂದರ ಜೊತೆ ಟಿಪ್ಪಣಿ ಬರೆದರು: 'ಮೊದಲ ಸಲ ವೇಗ ತಪ್ಪಿದ್ದು ನನ್ನಿಂದ. ಮನೋರಮಾ.' ಸಂಸ್ಥೆಯ ದಾಖಲೆಗಳಲ್ಲಿ ಅವರ ಹೆಸರಿರುವುದು ಅಲ್ಲಿ ಮಾತ್ರ. ಗುತ್ತಿಗೆ ಮುಂದುವರಿಸುವ ಬಗ್ಗೆ ಯಾರೂ ಇನ್ನೂ ಏನೂ ಹೇಳಿಲ್ಲ.

"ಇನ್ನೂ ಹನ್ನೊಂದು ಟೇಪು ಉಳಿದಿವೆ. ಅವನ್ನೂ ನಾನೇ ಮುಗಿಸಬೇಕು ಅಂತ ಆಸೆ. ಇನ್ನೊಬ್ಬರು ಬಂದು ಮೊದಲಿಂದ ಗೊಂದಲಪಡೋದು ಬೇಡ, ನೋಡಿ."