ಕೈ ತೊಳೆಯುವ ತೀರ್ಥ

ನಮ್ಮ ಅತ್ತೆ ತುಮಕೂರಿನಿಂದ ಸ್ವೀಡನ್ನಿನ ಮಾಲ್ಮೋಗೆ ಬಂದದ್ದು ಮೂರು ತಿಂಗಳ ವೀಸಾದ ಮೇಲೆ. ಮೂರನೇ ವಾರಕ್ಕೇ, ಟಿಕೆಟ್ ಬದಲಾಯಿಸಿ ನನ್ನನ್ನು ಬೇಗ ಕಳಿಸಿಬಿಡು ಎಂದು ಮಗನ ಬೆನ್ನು ಹತ್ತಿದರು. ಮಗ, ಅಂದರೆ ನನ್ನ ಗಂಡ, ದಿನಾ ಸೇತುವೆ ದಾಟಿ ಕೋಪನ್‌ಹೇಗನ್ನಿನ ಆಫೀಸಿಗೆ ಹೋಗುವವನು, ಸುಲಭವಾಗಿ ತಪ್ಪಿಸಿಕೊಂಡ. ಸಿಕ್ಕಿಬಿದ್ದವಳು ನಾನು. ನನ್ನ ಹೆರಿಗೆ ರಜೆ ಮುಗಿಯಲು ಹತ್ತು ದಿನವಿತ್ತು, ಮಗುವಿಗೆ ದಾಗಿಸ್‌ನಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಸೀಟು ಸಿಗಲು ಇನ್ನೂ ಎರಡು ತಿಂಗಳು. ಅತ್ತೆ ಹೊರಟರೆ ಮುಗಿಯಿತು ನನ್ನ ಕಥೆ. ಇದರಲ್ಲಿ ನನ್ನ ಸ್ವಾರ್ಥವೇ ಹೆಚ್ಚು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಇಲ್ಲಿ ಏನು ಕಮ್ಮಿಯಾಗಿದೆ ಎಂದು ಕೇಳಿದೆ, ಸ್ವಲ್ಪ ಸಿಡುಕಿಯೇ. ನನ್ನ ಸಿಡುಕು ಅವರಿಗೆ ಅಭ್ಯಾಸ.

“ಏನೂ ಕಮ್ಮಿ ಇಲ್ಲಮ್ಮ. ಬೆಳಗೆದ್ದು ಹೋಗೋಕೆ ಅಂತ ನಂಗೊಂದು ಜಾಗ ಇಲ್ಲ, ಅಷ್ಟೆ.”

ಊರಿನಲ್ಲಿ ಅವರು ಸ್ನಾನ ಮಾಡಿ ಬೀದಿ ಕೊನೆಯ ಗುಡಿಗೆ ಹೋಗಿ, ಮೂರು ಸುತ್ತು ಹಾಕಿ, ಕಟ್ಟೆಯ ಮೇಲೆ ಕೂತು ಅವರಿವರ ಸುದ್ದಿ ವಿಚಾರಿಸಿಕೊಂಡು ಬಂದ ಮೇಲೇ ಕಾಫಿ.

ಗೆಳತಿಯೊಬ್ಬಳು ಹಿಂದೆ ಹೇಳಿದ್ದು ನೆನಪಾಯಿತು. ಪೇಟೆಯ ದೊಡ್ಡ ಚೌಕದ ಹಿಂದೆ, ಹಳೆಯ ಇಟ್ಟಿಗೆ ಕಟ್ಟಡದ ಒಳಂಗಳದಲ್ಲಿ, ಜಪಾನಿನ ವೃದ್ಧರೊಬ್ಬರು ಪುಟ್ಟ ಶಿಂಟೋ ಗುಡಿ ಕಟ್ಟಿಕೊಂಡಿದ್ದಾರಂತೆ, ಯಾರು ಬೇಕಾದರೂ ಹೋಗಬಹುದಂತೆ. ಜಪಾನಿನವರ ದೇವಸ್ಥಾನವಿದೆ ಎಂದದ್ದೇ ತಡ, ಅತ್ತೆ ರೇಷ್ಮೆ ಸೀರೆಯ ಮೇಲೆ ನನ್ನ ಚಳಿ ಜಾಕೆಟ್ ಹಾಕಿಕೊಂಡು ತಯಾರಾದರು.

ಗೇಟು ದಾಟಿದ್ದೇ ಬಸ್ಸು, ಸೈಕಲ್ಲುಗಳ ಗದ್ದಲ ಹಿಂದೆ ಉಳಿಯಿತು. ಕೆಂಪು ಬಣ್ಣದ ಎರಡು ಕಂಬ, ಮೇಲೆ ಅಡ್ಡ ತೊಲೆ, ಅದೇ ಹೆಬ್ಬಾಗಿಲು. ಆಚೆಗೆ ಆಳೆತ್ತರದ ಮರದ ಗುಡಿ. ಬೂಟು ಬಿಚ್ಚಲು ಹೊರಟ ಅತ್ತೆಯನ್ನು, ಚಳಿ, ಬೇಡ ಎಂದು ತಡೆದೆ. ಪಕ್ಕದಲ್ಲಿ ನೀರು ತುಂಬಿದ ಕಲ್ಲಿನ ತೊಟ್ಟಿ, ಮೇಲೊಂದು ಬಿದಿರಿನ ಸೌಟು. ನಾನು ಮಗುವಿನ ಗಾಡಿ ನಿಲ್ಲಿಸುವಷ್ಟರಲ್ಲಿ ಅತ್ತೆ ಸೌಟಿನಿಂದ ಬಲ ಅಂಗೈಗೆ ನೀರು ಬಿಟ್ಟುಕೊಂಡು, ಮೂರು ಸಲ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡಿದ್ದರು. ಫಲಕವನ್ನು ನಾನು ಓದಿದ್ದು ಆಮೇಲೆ. ಅದು ಒಳಗೆ ಹೋಗುವ ಮುಂಚೆ ಕೈ ತೊಳೆಯುವ ನೀರು.

ಪೊರಕೆ ಹಿಡಿದು ನಿಂತಿದ್ದ ಆ ವೃದ್ಧರು ಎಲ್ಲವನ್ನೂ ನೋಡಿದ್ದರು. ಭೂಮಿ ಬಾಯಿಬಿಡಬಾರದೆ ಎನಿಸಿತು. ನಮ್ಮಲ್ಲಿ ದೇವರ ಮುಂದಿನ ನೀರನ್ನು ಕುಡಿಯುತ್ತೇವೆ ಎಂದು ಸ್ವೀಡಿಷ್‌ನಲ್ಲಿ ತೊದಲುತ್ತಾ ಕ್ಷಮೆ ಕೇಳಿದೆ. ಅವರು ತಲೆ ಬಾಗಿಸಿ, ಪೊರಕೆ ಗೋಡೆಗೊರಗಿಸಿ ಕಟ್ಟಡದ ಒಳಗೆ ಹೋದರು. ಕೋಪ ಬಂತೆಂದುಕೊಂಡೆ. ವಿಷಯ ತಿಳಿದ ಅತ್ತೆ ಹುಳ್ಳಗೆ ನಕ್ಕು ಗುಡಿಯ ಮುಂದೆ ನಿಂತರು. ಒಳಗೆ ವಿಗ್ರಹವಿಲ್ಲ, ದುಂಡನೆಯ ಕನ್ನಡಿ ಮಾತ್ರ. ಅದರಲ್ಲಿ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡರು, ಮೂರು ಸುತ್ತು ಹಾಕಿದರು. ಮನೆಗೆ ಬಂದವರೇ ರೇಷ್ಮೆ ಸೀರೆ ಮಡಿಸಿ ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಇನ್ನು ಟಿಕೆಟ್ ಬದಲಾಯಿಸುವುದೇ ಸೈ ಎಂದುಕೊಂಡೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಅವರೇ ಹೆಸರುಬೇಳೆ ಕೋಸಂಬರಿ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದರು. ತಪ್ಪು ಮಾಡಿದ್ದಕ್ಕೆ ಏನಾದರೂ ಕೊಟ್ಟು ಬರಬೇಕು, ಅಲ್ಲದೆ ಪ್ರಸಾದವೇ ಇಲ್ಲದ ಗುಡಿ ಎಂಥದ್ದು ಎಂಬುದು ಅವರ ವಾದ. ಹೋಗಿ ನೋಡಿದರೆ ತೊಟ್ಟಿಯ ಪಕ್ಕದಲ್ಲಿ ಹೊಸದೊಂದು ಮಣೆ. ಅದರ ಮೇಲೆ ಗಾಜಿನ ಹೂಜಿ ತುಂಬ ನೀರು, ಬೋರಲು ಹಾಕಿದ ಎರಡು ಪುಟ್ಟ ಬಟ್ಟಲು. ಫಲಕದ ಕೆಳಗೆ ಕೈಬರಹದ ಒಂದು ಸಾಲು ಸೇರಿತ್ತು: ಇದು ಕುಡಿಯಲು.

ಅದನ್ನು ಓದಿ ಹೇಳಿದೆ. ಅತ್ತೆ ಬಟ್ಟಲಿನ ಗೋಜಿಗೆ ಹೋಗದೆ ಅಂಗೈಯಲ್ಲೇ ಕುಡಿದು, ತಲೆಗೆ ಸವರಿಕೊಂಡು, ಡಬ್ಬಿ ಹಿಡಿದು, ಬೆಂಚಿನ ಮೇಲಿದ್ದ ವೃದ್ಧರ ಪಕ್ಕದಲ್ಲಿ ಕೂತರು. ಅತ್ತೆ ಕನ್ನಡದಲ್ಲಿ, ಅವರು ಜಪಾನಿಯಲ್ಲಿ, ಅರ್ಧ ಗಂಟೆ ಮಾತಾಡಿದರು. ಕೋಸಂಬರಿ ಖಾಲಿಯಾಯಿತು. ಮಗುವಿಗೆ ಹಸಿವಾಗುತ್ತದೆ ಎಂದು ನಾನು ಎರಡು ಸಲ ಅವಸರ ಮಾಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಧೈರ್ಯ ಮಾಡಿ ಟಿಕೆಟ್ಟಿನ ವಿಷಯ ಎತ್ತಿದೆ. ಅತ್ತೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

“ಅದು ಹಾಗೇ ಇರ್ಲಿ ಬಿಡು. ಇಳಿಯೋ ಸ್ಟಾಪ್ ಹೆಸರು ಕನ್ನಡದಲ್ಲಿ ಬರ್ಕೊಡು. ನಾಳೆಯಿಂದ ಮಗೂನ ಕರ್ಕೊಂಡು ನಾನೇ ಬರ್ತೀನಿ. ನಿನ್ನ ಜೊತೆ ಬಂದ್ರೆ ನೆಮ್ಮದಿಯಾಗಿ ಕೂತ್ಕೊಳ್ಳೋಕೆ ಆಗಲ್ಲ.”