ಬೀರುವಿನ ಹಿಂದಿನ ಸೆಲ್ವಿ ಮಿಸ್

ಸೆಲ್ವಿ ಮಿಸ್ ನಮಗೆ ಬೆನ್ನು ತಿರುಗಿಸಿಕೊಂಡು ಒಂದು ಮಾತೂ ಆಡುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆಯುವಷ್ಟು ಹೊತ್ತು ಬಾಯಿ ಮುಚ್ಚಿರುತ್ತಿತ್ತು. ಬರೆದು ಮುಗಿಸಿ, ಸೀಮೆಸುಣ್ಣ ಕೆಳಗಿಟ್ಟು, ಪೂರ್ತಿಯಾಗಿ ನಮ್ಮ ಕಡೆ ತಿರುಗಿದ ಮೇಲೇ ಮಾತು ಶುರು. ಆ ಮಾತೂ ಹಾಗೆಯೇ. ಒಂದೊಂದು ಶಬ್ದಕ್ಕೂ ತುಟಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತಿತ್ತು. ‘ವಾಟರ್’ ಅಂದರೆ ತುಟಿ ಮುಂದಕ್ಕೆ ಬಂದು ಗುಂಡಗಾಗುತ್ತಿತ್ತು. ‘ಮದರ್’ ಅಂದರೆ ನಾಲಿಗೆಯ ತುದಿ ಹಲ್ಲುಗಳ ನಡುವೆ ಇಣುಕಿ ಹೋಗುತ್ತಿತ್ತು. ಕೊನೇ ಬೆಂಚಿನಲ್ಲಿ ಕೂತವರಿಗೂ ಕಾಣುತ್ತಿತ್ತು. ಇದು ಟೀಚರ್ ಟ್ರೈನಿಂಗಿನಲ್ಲಿ ಹೇಳಿಕೊಟ್ಟ ರೀತಿಯಿರಬೇಕು ಅಂತ ನಾವು ಅಂದುಕೊಂಡಿದ್ದೆವು.

ನಮ್ಮದು ಕ್ಯಾಸಂಬಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆ. ಮಿಸ್ ಕೆಜಿಎಫ್‌ನವರು. ಗಣಿ ಕಾರ್ಮಿಕರಿಗೆಂದು ಕಟ್ಟಿದ ಲೈನ್ ಮನೆಯೊಂದರಲ್ಲಿ ಅವರೂ ಅವರ ವಯಸ್ಸಾದ ತಾಯಿಯೂ ಇದ್ದರು. ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಕುತ್ತಿಗೆಗೆ ಬಳಿದ ಪೌಡರು, ಹೆಗಲಿಗೆ ಎರಡು ಚೀಲ. ಒಂದರಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಕಸ. ಕಸ ಅನ್ನುತ್ತಿದ್ದವರು ನಮ್ಮ ಹೆಡ್‌ಮಾಸ್ಟರು. ಬ್ರೆಡ್ಡಿನ ಕವರು, ಮಾತ್ರೆಯ ಖಾಲಿ ಶೀಟು, ಬಿತ್ತನೆ ಬೀಜದ ಪೊಟ್ಟಣ, ರಸಗೊಬ್ಬರದ ಚೀಲದಿಂದ ಕತ್ತರಿಸಿದ ತುಂಡು, ಇಂಗ್ಲಿಷ್ ಅಕ್ಷರ ಇದ್ದದ್ದೆಲ್ಲ ಆ ಚೀಲದಲ್ಲಿ ಸೇರುತ್ತಿತ್ತು. ಶನಿವಾರ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಪ್ರಶ್ನೆ ಕೇಳುತ್ತಿದ್ದರು. “ಇದನ್ನ ಮಕ್ಕಳಿಗೆ ಕೊಡಬಹುದಾ? ಎಲ್ಲಿ ಬರ್ದಿದಾರೆ, ಬೆರಳಿಟ್ಟು ತೋರ್ಸು.” ಓದಿ ಹೇಳಿದರೆ ಸಾಲದು, ಬೆರಳಿಟ್ಟು ತೋರಿಸಬೇಕು. ಅದೇ ನಮ್ಮ ರೀಡಿಂಗ್ ಟೆಸ್ಟು.

ನಾವು ಇಂಗ್ಲಿಷಿಗೆ ಹೆದರುವುದನ್ನು ಕಂಡರೆ ಅವರಿಗೆ ನಗು ಬರುತ್ತಿತ್ತು. “ಇಂಗ್ಲಿಷು ದೇವ್ರಲ್ಲ ಕಣ್ಣು, ಪಕ್ಕದ್ಮನೆ ಆಂಟಿ. ನೀನು ಮಾತಾಡ್ಸಿದ್ರೆ ಅವಳೂ ಮಾತಾಡ್ತಾಳೆ” ಅನ್ನುತ್ತಿದ್ದರು. ಅವರ ಮನೆಮಾತು ತಮಿಳು; ಹುಡುಗರಾಗಲಿ ಹುಡುಗಿಯರಾಗಲಿ, ಎಲ್ಲರೂ ಅವರಿಗೆ ಮುದ್ದಿನಿಂದ ‘ಕಣ್ಣು,’ ಇಲ್ಲವೇ ‘ಮಾ.’ ಮೊದಲ ದಿನ ಅವರು ನಮಗೆ ಕಲಿಸಿದ ಶಬ್ದ ‘ಪಾರ್ಡನ್.’ “ಕೇಳಿಸ್ಲಿಲ್ಲಾಂದ್ರೆ ಕೇಳಿಸ್ಲಿಲ್ಲ ಅನ್ನಬೇಕು ಮಾ. ಅದಕ್ಯಾಕೆ ನಾಚ್ಕೆ?”

ಆ ಶನಿವಾರದ ಓದು ಒಮ್ಮೆ ನಮ್ಮ ಮನೆಯಲ್ಲಿ ಜಗಳ ತಂದಿತು. ನಮ್ಮ ಸೀಮೆಹಸುವಿಗೆ ಕೆಚ್ಚಲು ಬಾವು ಬಂದು ಡಾಕ್ಟರು ಇಂಜೆಕ್ಷನ್ ಕೊಟ್ಟು ಹೋಗಿದ್ದರು. ಔಷಧಿಯ ಡಬ್ಬಿಯೊಳಗೆ ಮಡಿಸಿಟ್ಟ ಚೀಟಿಯನ್ನು ನಾನು ಬಿಡಿಸಿ ಓದಿದೆ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಕೆಲವು ದಿನ ಆ ಹಾಲನ್ನು ಜನ ಕುಡಿಯಬಾರದು ಅನ್ನುವುದಂತೂ ಸ್ಪಷ್ಟವಾಗಿತ್ತು. ಅಮ್ಮನಿಗೆ ಹೇಳಿದೆ. ಡೇರಿಗೆ ಹಾಲು ಹೊತ್ತು ಹೊರಟಿದ್ದವಳು ಬಾಗಿಲಲ್ಲೇ ನಿಂತಳು.

“ಡಾಕ್ಟ್ರು ಏನೂ ಏಳಿಲ್ವಲ್ಲೇ?”

“ಇದ್ರಲ್ಲಿ ಬರ್ದವ್ರೆ ನೋಡಮ್ಮ” ಅಂತ ಬೆರಳಿಟ್ಟು ತೋರಿಸಿದೆ.

ಅಮ್ಮನಿಗೆ ಓದಲು ಬಾರದು. ಆ ಕಾಗದವನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿಪ್ಪೆಯ ಹತ್ತಿರ ಹೋಗಿ ಕ್ಯಾನು ಬಗ್ಗಿಸಿದಳು. “ಓದಾದು ಕಲ್ಸು ಅಂದ್ರೆ ನಿಮ್ಮಿಸ್ಸು ನನ್ ಆಲು ಚೆಲ್ಲಾದು ಕಲ್ಸವ್ಳೆ” ಅಂತ ಬೈದುಕೊಂಡೇ ಹಸು ವಾಸಿಯಾಗುವವರೆಗೂ ದಿನಾ ಚೆಲ್ಲಿದಳು.

ನಾವು ಹತ್ತನೆಯ ತರಗತಿಗೆ ಬಂದಾಗ ಬಂಗಾರಪೇಟೆಯ ಒಂದು ಟ್ರಸ್ಟಿನವರು ಶಾಲೆಗೆ ಬಂದರು. ಹಳ್ಳಿ ಮಕ್ಕಳಿಗೆ ಪಿಯುಸಿ ಓದಲು ಹಾಸ್ಟೆಲ್ಲಿನಲ್ಲಿ ಜಾಗ ಕೊಡುತ್ತೇವೆ, ಅದಕ್ಕೆ ಒಂದು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು ಅಂದರು. ಅರ್ಧ ಕೇಳಿ ಬರೆಯುವುದು, ಅರ್ಧ ಓದಿ ಬರೆಯುವುದು. ಕಾಲೇಜು ದೂರ, ಹತ್ತು ಆದ ಮೇಲೆ ಮನೆಯಲ್ಲಿರಲಿ ಅಂತ ಅಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಅಮ್ಮ ಎದುರಾಡಿರಲಿಲ್ಲ. ನನಗಿದ್ದ ದಾರಿ ಆ ಹಾಸ್ಟೆಲ್ ಒಂದೇ.

ಪರೀಕ್ಷೆ ಹೇಗಿರುತ್ತದೆ ಅಂತ ತೋರಿಸಲು ಅವರು ಅವತ್ತೇ ಒಂದು ಸ್ಪೀಕರನ್ನು ಮೇಜಿನ ಮೇಲಿಟ್ಟರು. ಅದರೊಳಗಿನಿಂದ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡಿದಳು. ಬಸ್ಸು, ಮಳೆ, ಕೊಡೆ, ಅಷ್ಟು ಕಿವಿಗೆ ಬಿತ್ತು. ಉಳಿದದ್ದೆಲ್ಲ ಸುರಿಯುವ ಜಲ್ಲಿಯ ಹಾಗೆ ಒಂದರ ಮೇಲೊಂದು ಬಿದ್ದು ಹೋಯಿತು. ಎಲ್ಲರ ಪೆನ್ನೂ ನಿಂತಿತ್ತು. ಆಗ ನಮ್ಮ ತರಗತಿಯ ನಾರಾಯಣಸ್ವಾಮಿ ಎದ್ದು ನಿಂತು, ಆ ಸ್ಪೀಕರಿನ ಕಡೆಗೆ ತಿರುಗಿ, ಬಹಳ ಮರ್ಯಾದೆಯಿಂದ, “ಪಾರ್ಡನ್?” ಅಂದ.

ಟ್ರಸ್ಟಿನವರು ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು. ಸೆಲ್ವಿ ಮಿಸ್ ಮಾತ್ರ ನಗಲಿಲ್ಲ. ಗೋಡೆಗೆ ಒರಗಿ ನಿಂತು ಆ ಸ್ಪೀಕರನ್ನೇ ನೋಡುತ್ತಿದ್ದರು.

ಮಾರನೆಯ ದಿನ ಬಂದವರು ಕುರ್ಚಿಯ ಮೇಲೆ ಕೂತುಬಿಟ್ಟರು. ತರಗತಿಯಲ್ಲಿ ಅವರು ಕೂರುತ್ತಿದ್ದುದೇ ಅಪರೂಪ.

“ನಮ್ಮಪ್ಪ ಮೈನಿಂಗಲ್ಲಿದ್ರು ಮಾ” ಅಂತ ಶುರು ಮಾಡಿದರು. “ಭೂಮಿ ಒಳಗೆ ಡ್ರಿಲ್ಲಿಂಗ್ ಮೆಷೀನ್ ಹಿಡಿಯೋ ಕೆಲ್ಸ. ನಾನು ಹುಟ್ಟೋ ಹೊತ್ತಿಗೇ ಅವರ್ಗೆ ಕಿವಿ ಹೋಗಿತ್ತು. ಮನೇಲಿ ಏನು ಹೇಳ್ಬೇಕಾದ್ರೂ ಅವರ ಮುಂದೆ ಹೋಗಿ, ಭುಜ ತಟ್ಟಿ, ಬಾಯಿ ಬಿಡಿಸಿ ಬಿಡಿಸಿ ಹೇಳ್ಬೇಕು. ನಾನು ಮಾತು ಕಲ್ತಿದ್ದೇ ಹಾಗೆ. ಅದೇ ಅಭ್ಯಾಸ ಬಂದುಬಿಡ್ತು.” ಆಮೇಲೆ ಹೇಳಿದರು, “ನಿಮಗೆ ನಾನು ಇಂಗ್ಲಿಷ್ ಕೇಳೋದು ಕಲಿಸ್ಲಿಲ್ಲ ಕಣ್ಣು. ನೋಡೋದು ಕಲಿಸ್ಬಿಟ್ಟೆ. ತಪ್ಪು ನಿಮ್ದಲ್ಲ.”

ಎದ್ದರು. ತರಗತಿಯ ಮೂಲೆಯಲ್ಲಿ ಹಳೆಯ ಕಬ್ಬಿಣದ ಬೀರು ಇತ್ತು. ಮಿಸ್ ಅದರ ಹಿಂದೆ ಹೋಗಿ ನಿಂತುಕೊಂಡರು. ಸೀರೆಯ ಅಂಚೊಂದು ಬಿಟ್ಟರೆ ಇನ್ನೇನೂ ಕಾಣಲಿಲ್ಲ. ಆ ಬೀರುವಿನ ಹಿಂದಿನಿಂದ ಇಂಗ್ಲಿಷ್ ಕೇಳಿಸಿತು. ನಮಗೆ ನಗು ತಡೆಯಲಿಕ್ಕಾಗಲಿಲ್ಲ. ನಗುತ್ತಲೇ ಒಂದು ವಿಷಯ ಗೊತ್ತಾಯಿತು: ನಿನ್ನೆಯವರೆಗೆ ಸಲೀಸಾಗಿ ಅರ್ಥವಾಗುತ್ತಿದ್ದ ಸೆಲ್ವಿ ಮಿಸ್ ಕೂಡ ಅರ್ಥವಾಗುತ್ತಿಲ್ಲ. ನಗು ತಾನಾಗಿ ನಿಂತಿತು.

ಅಲ್ಲಿಂದ ದಿನಾ ಅದೇ ಪಾಠ. ಬೀರುವಿನ ಹಿಂದಿನಿಂದ, ಆಮೇಲೆ ವರಾಂಡದಿಂದ, ಆಮೇಲೆ ಎಂಟನೆಯ ತರಗತಿಯ ಮಕ್ಕಳು ಕಿರುಚುತ್ತಿರುವಾಗ ಕಿಟಕಿಯಾಚೆಯಿಂದ. ಒಮ್ಮೆ ಮೂಗು ಹಿಡಿದುಕೊಂಡು ಬೆಂಗಳೂರಿನ ಮೇಡಂ ಆಗುತ್ತಿದ್ದರು, ಇನ್ನೊಮ್ಮೆ ಗಂಟಲು ದಪ್ಪ ಮಾಡಿ ದೆಹಲಿಯ ಆಫೀಸರ್ ಆಗುತ್ತಿದ್ದರು. ಹೆಡ್‌ಮಾಸ್ಟರು ಬಾಗಿಲಲ್ಲಿ ಇಣುಕಿ, “ಟೀಚರ್ ಎಲ್ರಪ್ಪಾ?” ಅಂದರೆ ನಾವು ಬೀರುವಿನ ಕಡೆ ಕೈ ತೋರಿಸುತ್ತಿದ್ದೆವು.

ಅದೂ ಸಾಲದೆ ಮನೆಗಳಿಗೆ ಫೋನ್ ಮಾಡಲು ಶುರು ಮಾಡಿದರು. ಸಂಜೆ ಒಬ್ಬೊಬ್ಬರ ಮನೆಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ನಾಲ್ಕು ಮಾತು. ನಮ್ಮ ಮನೆಗೆ ಮೊದಲ ಸಲ ಬಂದಾಗ ಎತ್ತಿದ್ದು ಅಮ್ಮ.

“ಯಾರಮ್ಮಾ?”

“ನಾನು ಸೆಲ್ವಿ ಮಿಸ್, ನಿಮ್ಮ ಮಗಳು ಮಂಜುಳಾ ಓದೋ ಸ್ಕೂಲಿಂದ.”

“ಓ, ನನ್ ಆಲು ಚೆಲ್ಲಿಸ್ದೋರಾ!”

ನಾನು ನಾಚಿಕೆಯಿಂದ ಸತ್ತೇಹೋದೆ. ಆ ಕಡೆಯಿಂದ ಮಿಸ್ ನಕ್ಕಿದ್ದು ನನಗೂ ಕೇಳಿಸಿತು. ಅಮ್ಮ ಹಸುವಿನ ಕಥೆಯೆಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ತನ್ನ ತೌರಿನ ತೆಲುಗಿಗೆ ಇಳಿದಳು. ಮಿಸ್ಸಿಗೆ ತೆಲುಗೂ ಬರುತ್ತಿತ್ತು. ಇಬ್ಬರೂ ಎಷ್ಟು ಮಾತಾಡಿದರೆಂದರೆ ನನ್ನ ಇಂಗ್ಲಿಷಿಗೆ ಹೊತ್ತೇ ಉಳಿಯಲಿಲ್ಲ. ಆಮೇಲೆ ಮಿಸ್ ಫೋನ್ ಬರುವ ದಿನ ಅಮ್ಮ ಹಾಲು ಹಾಕಿ ಬೇಗ ಬರುತ್ತಿದ್ದಳು. ಮೊದಲು ಅವಳ ಸರದಿ, ಆಮೇಲೆ ನನ್ನದು. ಅಪ್ಪನ ಎದುರು ಅಮ್ಮ ನನ್ನ ಪರವಾಗಿ ಮಾತಾಡಿದ್ದೂ ಆ ದಿನಗಳಲ್ಲೇ. “ಸೀಟು ಸಿಕ್ಕುದ್ರೆ ಓಗ್ಲಿ ಬುಡು. ಆಯಮ್ಮ ಅಷ್ಟು ಏಳ್ತಾವ್ಳೆ” ಅಂದಳು. “ಮೊದ್ಲು ಸಿಕ್ಲಿ ಬುಡು” ಅಂದ ಅಪ್ಪ.

ಪರೀಕ್ಷೆಗೆ ಮಿಸ್ಸೇ ನಮ್ಮನ್ನು ಬಂಗಾರಪೇಟೆಗೆ ಕರೆದುಕೊಂಡು ಹೋದರು. ರೈಲ್ವೆ ಹಳಿಯ ಪಕ್ಕದ ಒಂದು ಕಟ್ಟಡ. ಒಳಗೆ ಬೇರೆ ಬೇರೆ ಶಾಲೆಯ ಮಕ್ಕಳು ತುಂಬಿದ್ದರು. ಸ್ಪೀಕರಿನಲ್ಲಿ ಒಬ್ಬಾಕೆ ಸಂತೆಯಲ್ಲಿ ಸೈಕಲ್ ಎಲ್ಲಿ ನಿಲ್ಲಿಸಿದೆ ಅಂತ ಮರೆತು ಹುಡುಕಾಡಿದ ಕಥೆ ಹೇಳುತ್ತಿದ್ದಳು. ಅರ್ಧಕ್ಕೆ ಬರುವಾಗ ಗೂಡ್ಸ್ ಗಾಡಿಯೊಂದು ಕೂಗುತ್ತಾ ಹಾದುಹೋಗತೊಡಗಿತು. ಮಕ್ಕಳೆಲ್ಲ ತಲೆಯೆತ್ತಿ ಗೋಳಾಡಿದರು. ಮೇಲ್ವಿಚಾರಕರು ಕಥೆಯನ್ನು ನಿಲ್ಲಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಗಾಡಿಯ ಸದ್ದು ಒಂದು ಕಡೆ, ಆ ಹೆಂಗಸಿನ ದನಿ ಒಂದು ಕಡೆ, ಎರಡೂ ಬೇರೆ ಬೇರೆಯಾಗಿ ಕೇಳಿಸತೊಡಗಿದವು. ಸೈಕಲ್ಲು ಹೂವಿನ ಅಂಗಡಿಯ ಹಿಂದೆ ಸಿಕ್ಕಿತು. ಮುಂದಿನ ಬೆಂಚಿನಿಂದ ನಾರಾಯಣಸ್ವಾಮಿ ತಿರುಗಿ ನೋಡಿ ನಕ್ಕ. ಅವನಿಗೂ ಸಿಕ್ಕಿರಬೇಕು.

ಹೊರಗೆ ಮಿಸ್ ಬೇವಿನ ಮರದ ಕೆಳಗೆ ನಿಂಬೆಹಣ್ಣಿನ ಚಿತ್ರಾನ್ನದ ಪೊಟ್ಟಣಗಳನ್ನು ಹಿಡಿದು ನಿಂತಿದ್ದರು. ನನ್ನ ಗೆಳತಿ ನಾಗವೇಣಿ ಬಿಕ್ಕುತ್ತಾ ಬಂದಳು. ಓದುವುದರಲ್ಲಿ ನಮಗೆಲ್ಲರಿಗಿಂತ ಮುಂದಿದ್ದವಳು. “ಟ್ರೈನ್ ಬಂತು ಮಿಸ್, ಏನೂ ಕೇಳಿಸ್ಲೇ ಇಲ್ಲ. ಎಲ್ಲಾ ಓಯ್ತು.” ಮಿಸ್ ಸೆರಗಿನಲ್ಲಿ ಅವಳ ಮುಖ ಒರೆಸಿದರು. “ಒಂದು ಟ್ರೈನ್ ಹೋಯ್ತು, ಅಷ್ಟೇ ಕಣ್ಣು. ಇದು ಬಂಗಾರಪೇಟೆ ಜಂಕ್ಷನ್. ಇನ್ನೊಂದು ಬರುತ್ತೆ. ಮೊದ್ಲು ತಿನ್ನು.”

ನಮ್ಮ ಶಾಲೆಯಿಂದ ಆಯ್ಕೆಯಾದದ್ದು ನಾರಾಯಣಸ್ವಾಮಿ ಮತ್ತು ನಾನು. ಮಿಸ್ ಫೋನ್ ಮಾಡಿ ಸುದ್ದಿಯನ್ನು ಅಮ್ಮನಿಗೇ ಹೇಳಿದರು. ಅಮ್ಮ ಫೋನ್ ಇಟ್ಟು ಕೊಟ್ಟಿಗೆಗೆ ಹೋಗಿ ತುಂಬಾ ಹೊತ್ತು ಬರಲಿಲ್ಲ. ಅಪ್ಪ ನನ್ನ ಬಟ್ಟೆಗೆಂದು ಹೊಸ ಟ್ರಂಕು ತಂದ.

ಅಲ್ಲಿಗೆ ಫೋನ್ ನಿಂತುಹೋಯಿತು. ಆ ಬೇಸಿಗೆಯ ಸಂಜೆಗಳಲ್ಲಿ ಮಿಸ್ ನಾಗವೇಣಿಯ ಮನೆಗೆ ಫೋನ್ ಮಾಡುತ್ತಿದ್ದರು, ಸೀಟು ಸಿಗದ ಉಳಿದವರಿಗೆ ಮಾಡುತ್ತಿದ್ದರು. ಗೆದ್ದ ನಮಗೆ ಮಾಡುವ ಅಗತ್ಯವೇನಿತ್ತು? ನನಗೆ ಅದು ಗೊತ್ತಿತ್ತು. ಆದರೂ ಹಾಲಿನ ಹೊತ್ತು ಕಳೆದ ಮೇಲೆ ಫೋನಿನ ಹತ್ತಿರವೇ ಸುಳಿಯುತ್ತಿದ್ದೆ. ನಾಗವೇಣಿಯ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಅಮ್ಮನೂ ಒಂದು ದಿನ ತಡೆಯಲಾರದೆ, “ಆಯಮ್ಮ ಫೋನೇ ಮಾಡ್ಲಿಲ್ವಲ್ಲೇ” ಅಂದಳು. ಮುಂದಿನ ವರ್ಷ ನಾಗವೇಣಿ ಮತ್ತೆ ಪರೀಕ್ಷೆ ಬರೆದು ಹಾಸ್ಟೆಲ್ಲಿಗೆ ಬಂದಳು. ಅಮ್ಮನ ಮಾತನ್ನು ನಾನು ಮಿಸ್ಸಿಗೆ ಮುಟ್ಟಿಸಿದ ಮೇಲೆ ಯುಗಾದಿಗೆ, ದೀಪಾವಳಿಗೆ ಅಮ್ಮನಿಗೆಂದೇ ಒಂದು ಫೋನ್ ಬರತೊಡಗಿತು.

ಈಗ ನಾನು ಮಾಲೂರಿನ ಒಂದು ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದೇನೆ. ಊರಿನಿಂದ ಬಂಗಾರಪೇಟೆಗೆ ಸ್ಕೂಟರು, ಅಲ್ಲಿಂದ ರೈಲು. ಕೆಲಸ ಸಿಕ್ಕ ಹೊಸದರಲ್ಲಿ ಒಂದು ಭಾನುವಾರ ಮಿಸ್ ಮನೆಗೆ ಹೋಗಿದ್ದೆ. ಅವರು ನಿವೃತ್ತರಾಗಿದ್ದರು. ತಾಯಿ ತೀರಿಕೊಂಡಿದ್ದರು. ಮೀನಿನ ಸಾರು ಮಾಡಿ, ಎದುರು ಕೂತು, ಮುಳ್ಳು ಬಿಡಿಸಿ ಬಿಡಿಸಿ ನನ್ನ ತಟ್ಟೆಗೆ ಹಾಕಿದರು. “ಔಷಧಿ ಕೊಡೋವಾಗ ಜನರ ಹತ್ರ ಸಿಡುಕಬೇಡ ಮಂಜು. ಹುಷಾರಿಲ್ದೋರಿಗೆ ಒಂದ್ಸಲ ಹೇಳಿದ್ರೆ ತಲೆಗೆ ಹೋಗಲ್ಲ” ಅಂದರು. ಊಟವಾದ ಮೇಲೆ ಕೂತಲ್ಲೇ ಅವರಿಗೆ ಜೊಂಪು ಹತ್ತಿತು. ನಾನು ತಟ್ಟೆ ತೊಳೆದಿಟ್ಟು, ಬಾಗಿಲಲ್ಲಿ ಕೂತು ರಸ್ತೆ ನೋಡುತ್ತಿದ್ದೆ. ಎದ್ದು ಬಸ್‌ ಸ್ಟಾಪಿನವರೆಗೆ ಅವರೂ ನನ್ನ ಜೊತೆ ಬಂದರು. ತಮಿಳುನಾಡಲ್ಲಿರೋ ನಮ್ಮಕ್ಕ ಅರಕ್ಕೋಣಂಗೆ ಬಾ ಅಂತ ಕರೀತಿದಾಳೆ, ಈ ಮನೆ ಬಿಟ್ಟು ಹೋಗೋಕೆ ಮನಸ್ಸಿಲ್ಲ ಅಂದರು. ಬಸ್ಸು ಬಂತು. ಅದೇ ಕೊನೆ.

ಕೊನೆಗೆ ಅವರು ಅಕ್ಕನ ಮನೆಗೇ ಹೋದರು. ಹೋಗಿ ಒಂದು ವರ್ಷ ತುಂಬುವುದರೊಳಗೇ ತೀರಿಕೊಂಡರಂತೆ. ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಹಳೆಯ ಹೆಡ್‌ಮಾಸ್ಟರು ಸಂತೆಯಲ್ಲಿ ಸಿಕ್ಕಿದಾಗ. ಅಕ್ಕನ ಹೆಸರಾಗಲಿ ವಿಳಾಸವಾಗಲಿ ಅವರಿಗೂ ಗೊತ್ತಿರಲಿಲ್ಲ. ಆ ಯುಗಾದಿಗೆ ಫೋನ್ ಯಾಕೆ ಬರಲಿಲ್ಲ ಅನ್ನುವುದು ಅಮ್ಮನಿಗೆ ಆಗ ಅರ್ಥವಾಯಿತು.

ನನ್ನ ರೈಲು ಮಾಲೂರಿನ ಕಡೆಗೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಅರಕ್ಕೋಣಂ ದಾರಿಯ ರೈಲುಗಳು ನಿಲ್ಲುತ್ತವೆ. ಕಳೆದ ತಿಂಗಳು ಒಂದು ಸಂಜೆ, ಕೆಲಸ ಮುಗಿಸಿ ಬಂಗಾರಪೇಟೆಯಲ್ಲಿ ಇಳಿದವಳು, ಮನೆಗೆ ಹೋಗುವುದನ್ನು ಬಿಟ್ಟು ಅಂಥದ್ದೊಂದು ರೈಲು ಹತ್ತಿದೆ. ಕಿಟಕಿಯ ಪಕ್ಕ ಕೂತೆ. ಕಾಮಸಮುದ್ರ ದಾಟಿತು. ಕುಪ್ಪಂ ಬರುವ ಹೊತ್ತಿಗೆ, ಅಲ್ಲಿ ಹೋಗಿ ಯಾರ ಮನೆ ಅಂತ ಕೇಳಲಿ ಅನ್ನಿಸಿತು. ಇಳಿದುಬಿಟ್ಟೆ. ರೈಲು ಹೊರಟುಹೋದ ಮೇಲೂ ಆ ಕಡೆಯ ಹಳಿಯನ್ನೇ ನೋಡುತ್ತಾ ನಿಂತಿದ್ದೆ. ವಾಪಸ್ ಬರುವ ಗಾಡಿ ಸಿಕ್ಕಿ ಊರು ಸೇರುವಾಗ ಹೊತ್ತಾಗಿತ್ತು.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಯಾಕೇ ಇಷ್ಟೊತ್ತು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಮಿಸ್ ಅಕ್ಕನ ಊರ ಕಡೆ ಓಗಿದ್ದೆ. ಅರ್ಧ ದಾರಿಗೆ ವಾಪಸ್ ಬಂದ್ಬುಟ್ಟೆ” ಅಂದೆ.

ಬೈಯುತ್ತಾಳೆ ಅಂದುಕೊಂಡೆ. ಅಮ್ಮ ಒಳಗೆ ಹೋಗಿ ಸಾರು ಬಿಸಿ ಮಾಡಿದಳು. ಮುದ್ದೆ ಹಾಕಿ ತಟ್ಟೆಯನ್ನು ನನ್ನ ಮುಂದಿಟ್ಟು, ಪಕ್ಕದಲ್ಲೇ ಕೂತಳು.

“ಇನ್ನೊಂದ್ಸಲ ಓಗೋವಾಗ ನನ್ನೂ ಕರಿಯೇ” ಅಂದಳು. “ನಾನೂ ಬತ್ತೀನಿ.”