ಹೊರಗೆ ಹೋಗಿ ಕೆಮ್ಮಿ

ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ಲ್ಯಾಬೊಂದರಲ್ಲಿ ಕ್ಷಯರೋಗಕ್ಕೆ ಕಫ ಪರೀಕ್ಷೆ ಮಾಡುತ್ತಿದ್ದೆ. ಕಫವನ್ನು ಕೋಣೆಯೊಳಗೆ ತೆಗೆಯುವಂತಿರಲಿಲ್ಲ, ಬಯಲಲ್ಲೇ ತೆಗೆಯಬೇಕಿತ್ತು. ಜಾವಗಲ್ಲಿನಿಂದ ಬಂದ ಹೆಂಗಸೊಬ್ಬರಿಗೆ ಡಬ್ಬಿ ಕೊಟ್ಟು, "ಹೊರಗೆ ಹೋಗಿ ಕೆಮ್ಮಿ" ಎಂದೆ.

ಅವರು ಕದಲಲಿಲ್ಲ. "ಊರಲ್ಲಿ ಹೊರಗೆ ನಿಂತು ನಿಂತು ಸಾಕಾಗೈತೆ. ಇಲ್ಲೂ ಹೊರಗೇ ನಿಲ್ಲಬೇಕಾ?"

"ಜಾತಿಗಲ್ಲಮ್ಮ. ಒಳಗೆ ಕೆಮ್ಮಿದರೆ ರೋಗಾಣು ಗಾಳೀಲೇ ಉಳೀತದೆ. ಹೋದ ವರ್ಷ ನಂಗೆ ಕೆಮ್ಮು ಬಂದಾಗ ನಾನೂ ಹೊರಗೇ ನಿಂತಿದ್ದೆ" ಎಂದೆ.

"ಡಾಕ್ಟ್ರಿಗೆ ಕೆಮ್ಮು ಬಂದ್ರೂ?"

"ಅವರೂ ಅಷ್ಟೇ."

ಅವರು ಡಬ್ಬಿ ಹಿಡಿದು ನಡೆದರು. ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣವಾದರು.

ನಮ್ಮ ತರಬೇತಿ ಪುಸ್ತಕದಲ್ಲಿ ಗಾಳಿಯ ದಿಕ್ಕಿನವರೆಗೆ ಎಲ್ಲವೂ ಇತ್ತು. "ಹೊರಗೆ ಹೋಗಿ" ಎಂಬುದನ್ನು ಹೇಗೆ ಹೇಳಬೇಕು ಎನ್ನುವುದೊಂದು ಇರಲಿಲ್ಲ.